ಬಲ್ಮಠದ ಯಂತ್ರದ ಆರನೆಯ ಪೋರ್ಟ್

ನಮ್ಮದು ಅರ್ಚಕರ ಮನೆ. ಕದ್ರಿಯ ಹತ್ತಿರದ ಒಂದು ಸಣ್ಣ ದೇವಸ್ಥಾನದಲ್ಲಿ ಅಪ್ಪ ಪೂಜೆ ಮಾಡುತ್ತಿದ್ದರು. ಅವರನ್ನು ಹುಡುಕಿಕೊಂಡು ಬರುವವರ ಬಾಯಲ್ಲಿ ಚಿಕ್ಕಂದಿನಿಂದಲೂ ಎಂತೆಂಥದೋ ಕಥೆ ಕೇಳಿದ್ದೇನೆ. ತನ್ನಷ್ಟಕ್ಕೆ ತೆರೆದ ಬಾಗಿಲು, ಬೀಗ ಹಾಕಿದ ಕೋಣೆಯಲ್ಲಿ ಉರಿದ ದೀಪ. ನಾನು ಒಳಗೊಳಗೇ ನಗುತ್ತಿದ್ದೆ. ಇಲೆಕ್ಟ್ರಾನಿಕ್ಸ್ ಡಿಗ್ರಿ ಮುಗಿಸಿದ ಮೇಲೆ ಆ ನಗು ಹೊರಗೂ ಬಂತು. ಕಾರಣವಿಲ್ಲದೆ ದೀಪ ಉರಿಯುವುದಿಲ್ಲ ಎಂದು ಅಪ್ಪನ ಎದುರೇ ವಾದ ಮಾಡಿದ್ದೇನೆ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಹಾಗಾಗಿ ನೀವೂ ನಂಬಬೇಕೆಂದು ಕೇಳುವುದಿಲ್ಲ.

ದೇರೆಬೈಲಿನಲ್ಲಿ ವಿಲ್ಫಿ ಮತ್ತು ನಾನು ಸೇರಿ ಒಂದು ವರ್ಕ್‌ಶಾಪ್ ನಡೆಸುತ್ತೇವೆ. ಹಳೆಯ ಕಂಪ್ಯೂಟರುಗಳನ್ನು ಒರೆಸಿ, ರಿಪೇರಿ ಮಾಡಿ, ಅಂಥವನ್ನು ಸಂಗ್ರಹಿಸುವವರಿಗೆ ಕಳುಹಿಸುವ ಕೆಲಸ. ವಿಲ್ಫಿ ನನಗಿಂತ ಎಂಟು ವರ್ಷ ದೊಡ್ಡವನು, ಆದರೂ ನಮ್ಮ ಸ್ನೇಹ ಏಕವಚನದ್ದು. ಗಲ್ಫಿನಲ್ಲಿ ಇಲೆಕ್ಟ್ರೀಶಿಯನ್ ಆಗಿದ್ದವನು ಹೃದಯದ ತೊಂದರೆಯಿಂದ ಊರಿಗೆ ಮರಳಿದ್ದ. ಅವನ ಎದೆಯ ಚರ್ಮದಡಿಯಲ್ಲಿ ಪೇಸ್‌ಮೇಕರ್ ಇದೆ. ಅವನ ಹೆಂಡತಿ ಲಿಲ್ಲಿ ನರ್ಸ್. ವರ್ಕ್‌ಶಾಪ್ ಶುರುಮಾಡುವಾಗ ಅವಳು ನನಗೆ ಒಂದೇ ಷರತ್ತು ಹಾಕಿದಳು. ಯಾವ ಯಂತ್ರವಾದರೂ ಪ್ಲಗ್ ಕಿತ್ತದ್ದನ್ನು ನಾನು ಕಣ್ಣಾರೆ ನೋಡಿದ ಮೇಲೆಯೇ ವಿಲ್ಫಿ ಅದನ್ನು ಮುಟ್ಟಬೇಕು.

ಅಂದಿನಿಂದ ಅದೇ ನಮ್ಮ ಪದ್ಧತಿಯಾಯಿತು. ನಾನು ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಳ್ಳುತ್ತೇನೆ. ವಿಲ್ಫಿ, "ಕರೆಂಟ್ ಉಂಟಾ?" ಎಂದು ಕೇಳುತ್ತಾನೆ. ನಾನು ಪ್ಲಗ್ ಎತ್ತಿ ತೋರಿಸಿ, "ಇಲ್ಲ" ಎನ್ನುತ್ತೇನೆ. ಆಮೇಲೆ ಅವನ ಕೈ ಮುಂದೆ ಹೋಗುತ್ತದೆ.

ಮೂರು ವರ್ಷಗಳ ಹಿಂದೆ ಬಲ್ಮಠದ ಒಂದು ಹಳೆಯ ಮುದ್ರಣಾಲಯದಿಂದ ಕರೆ ಬಂತು. ಕಟ್ಟಡ ಖಾಲಿ ಮಾಡುತ್ತಿದ್ದರು. ಒಂದು ಕಾಲದಲ್ಲಿ ಬಣ್ಣದ ಪುಟಗಳನ್ನು ಸಿದ್ಧಪಡಿಸುತ್ತಿದ್ದ ವರ್ಕ್‌ಸ್ಟೇಶನ್ ಕಂಪ್ಯೂಟರ್ ಒಂದು ಮಾಳಿಗೆಯಲ್ಲಿ ಉಳಿದಿತ್ತು. ಇಂಥ ಯಂತ್ರ ಕೊಳ್ಳುವವರು ಮೊದಲು ಕೇಳುವುದು ಅದರ ಬೆನ್ನಿನ ಫೋಟೋ. ಕೇಬಲ್ ಸಿಕ್ಕಿಸುವ ಒಂದೊಂದು ಪೋರ್ಟ್ ಯಾವುದಕ್ಕೆಂದು ನಾವು ಬರೆದು ಕೊಡಬೇಕು. ಆ ಕಾಲದ ಯಂತ್ರಗಳಲ್ಲಿ ಒಂದೊಂದು ಕಂಪೆನಿಯ ಪೋರ್ಟ್ ಒಂದೊಂದು ಆಕಾರದ್ದು, ಎಷ್ಟೋ ಸಲ ಪಕ್ಕದಲ್ಲಿ ಗುರುತೂ ಇರುವುದಿಲ್ಲ.

ಏಪ್ರಿಲ್ ತಿಂಗಳು, ಮಧ್ಯಾಹ್ನ ಮೂರರ ಹೊತ್ತು. ಮಾಳಿಗೆಯಲ್ಲಿ ಕಣ್ಣು ಕುಕ್ಕುವಷ್ಟು ಬಿಸಿಲಿತ್ತು. ಯಂತ್ರವನ್ನು ಮೇಜಿನ ಮೇಲೆ ತಿರುಗಿಸಿಟ್ಟೆವು. ಪರದೆ, ಕೀಬೋರ್ಡ್, ನೆಟ್‌ವರ್ಕ್ ಎಲ್ಲದರ ಕೇಬಲ್‌ಗಳನ್ನೂ ಯಾರೋ ಎಂದೋ ತೆಗೆದಿದ್ದರು. ಗೋಡೆಗೆ ಹೋಗುವ ಒಂದು ತಂತಿ ಮಾತ್ರ ಇತ್ತು. ಅದನ್ನು ನಾನೇ ಕಿತ್ತೆ. ಯಂತ್ರದ ಬೆನ್ನಿನ ತುಂಬ ಆಯುಧಪೂಜೆಯ ಗಂಧ ಕುಂಕುಮ. ವರ್ಷ ವರ್ಷವೂ ಇಟ್ಟ ಬೊಟ್ಟುಗಳು ಒಂದರ ಮೇಲೊಂದು ಒಣಗಿ ಹಕ್ಕಳೆಗಟ್ಟಿದ್ದವು. ಪ್ರತಿ ಪೋರ್ಟಿನ ನೆತ್ತಿಗೂ ಒಂದೊಂದು ಬೊಟ್ಟು. ಐದು ಪೋರ್ಟುಗಳನ್ನು ಗುರುತಿಸಿ ಬರೆದೆವು. ಕೆಳಮೂಲೆಯಲ್ಲಿ ಆರನೆಯದು ಒಂದಿತ್ತು. ದುಂಡಗೆ, ಆರು ತೂತಿನದು, ಲೋಹದ ಅಂಚು. ಅದಕ್ಕೆ ಮಾತ್ರ ಬೊಟ್ಟಿರಲಿಲ್ಲ. ಸುತ್ತ ಒಂದು ಕಲೆಯೂ ಇರಲಿಲ್ಲ.

ಫೋನಿನಲ್ಲಿ ಆ ಮಾಡೆಲಿನ ಕೈಪಿಡಿ ತೆಗೆದು ನೋಡಿದೆ. ಚಿತ್ರದಲ್ಲಿ ಐದೇ ಇದ್ದವು.

"ಇದಕ್ಕೆ ಎಂತ ಪೂಜೆ ಮಾಡ್ಲಿಲ್ಲ?" ಎಂದೆ.

"ಕ್ರಿಶ್ಚಿಯನ್ ಪೋರ್ಟ್ ಇರ್ಬೇಕು ಮಾರಾಯ್ತಿ. ನನಗೆ ಬಿಡು," ಎಂದ ವಿಲ್ಫಿ.

ಅವನ ಚೀಲದಲ್ಲಿ ಹಳೆಯ ಪ್ಲಗ್ಗುಗಳ ರಾಶಿಯೇ ಇರುತ್ತದೆ. ಯಾವುದು ಕೂರುತ್ತದೆಂದು ನೋಡಿ ಪೋರ್ಟನ್ನು ಗುರುತಿಸುವುದು ಅವನ ಕ್ರಮ. ಲೋಹದ ಕವಚದ ಒಂದು ದುಂಡು ಪ್ಲಗ್ ಆರಿಸಿದ. ಅದಕ್ಕೆ ಮೊದಲು, ಹಳೆಯ ಅಭ್ಯಾಸ ನೋಡಿ, ಕರೆಂಟ್ ಇದ್ದರೆ ಒಳಗೆ ಕೆಂಪು ದೀಪ ಹೊತ್ತುವ ಟೆಸ್ಟರಿನ ತುದಿಯನ್ನು ಒಂದು ತೂತಿಗೆ ತಾಗಿಸಿದ. ತಲೆಯೆತ್ತಿ ನನ್ನನ್ನು ನೋಡಿದ.

"ಲೈಟ್ ಬರ್ತಾ ಉಂಟಲ್ಲ. ಕರೆಂಟ್ ಉಂಟಾ?"

ಈ ಪ್ರಶ್ನೆಯನ್ನು ನಾನು ಸಾವಿರ ಸಲ ಮನಸ್ಸಿನಲ್ಲಿ ಕೇಳಿಸಿಕೊಂಡಿದ್ದೇನೆ. ಕಿಟಕಿಯ ಬಿಸಿಲು ಟೆಸ್ಟರಿನ ಮೇಲೆ ಬಿದ್ದಿತ್ತು. ಒಳಗೆ ಕೆಂಪು ಕಂಡದ್ದು ನಿಜ. ಒಂದು ಹೆಜ್ಜೆ ಮುಂದೆ ಹೋಗಿ ಕೈ ಅಡ್ಡ ಹಿಡಿದು ನೋಡಬಹುದಿತ್ತು. ನೋಡಲಿಲ್ಲ. ಕಲಿತದ್ದೆಲ್ಲ ನನ್ನ ಪರವಾಗಿತ್ತು. ಪ್ಲಗ್ ಎತ್ತಿ ತೋರಿಸಿ, "ಬಿಸಿಲಿನದ್ದು ಅದು. ಇಲ್ಲ," ಎಂದೆ.

ವಿಲ್ಫಿ ಪ್ಲಗ್ ಒತ್ತಿದ. ಅದು ಅಳತೆ ಮಾಡಿಸಿದ ಹಾಗೆ ಕುಳಿತಿತು. ಅವನ ಭುಜ ಒಮ್ಮೆ ಮೇಲೆ ಹೋಯಿತು, ಕೆಳಗೆ ಇಳಿಯಲಿಲ್ಲ. ಬಾಯಿ ತೆರೆದಿತ್ತು, ಸ್ವರವಿಲ್ಲ. ಬೆರಳುಗಳು ಆ ಲೋಹವನ್ನು ಕಚ್ಚಿ ಹಿಡಿದಿದ್ದವು. ಶಾಕ್ ಹೊಡೆದವನನ್ನು ಮುಟ್ಟಬಾರದು, ಮೊದಲು ಪ್ಲಗ್ ಕೀಳಬೇಕು ಎಂಬುದು ಯಾರಿಗೆ ಗೊತ್ತಿಲ್ಲ? ನಾನು ಗೋಡೆಯ ಕಡೆ ತಿರುಗಿದೆ. ಗೋಡೆಯಲ್ಲಿ ಏನಿರುತ್ತದೆ? ಕೀಳಬೇಕಾದ ಪ್ಲಗ್ ನನ್ನ ಕೈಯಲ್ಲೇ ಇತ್ತು.

ಎಷ್ಟು ಹೊತ್ತು ಹಾಗೆ ನಿಂತೆನೋ ತಿಳಿಯದು. ಅಲ್ಲಿದ್ದ ಮರದ ಸ್ಟೂಲನ್ನು ಎತ್ತಿ ಅವನ ತೋಳಿಗೆ ಬಲವಾಗಿ ಹೊಡೆದೆ. ಅವನು ಹಿಂದಕ್ಕೆ ಬಿದ್ದ. ಉಸಿರಿತ್ತು. ಕೆಳಗಿದ್ದವರನ್ನು ಕರೆದು ಆಸ್ಪತ್ರೆಗೆ ಸಾಗಿಸಿದೆವು.

ಅವನು ಬದುಕಿಕೊಂಡ. ಬಲಗೈಯ ಎರಡು ಬೆರಳುಗಳಿಗೆ ಈಗಲೂ ಸ್ಪರ್ಶ ತಿಳಿಯುವುದಿಲ್ಲ. ಪೇಸ್‌ಮೇಕರನ್ನು ಪರೀಕ್ಷಿಸಿದ ಡಾಕ್ಟರು, ಮೂರು ಗಂಟೆಯ ಸುಮಾರಿಗೆ ಹೊರಗಿನ ವಿದ್ಯುತ್ತಿನಿಂದ ಅಡ್ಡಿಯಾದದ್ದು ಅದರಲ್ಲಿ ದಾಖಲಾಗಿದೆ ಎಂದರು. ಯಾವ ಲೈನು ಎಂದು ಕೇಳಿದರು. ಲಿಲ್ಲಿ ಕಾರಿಡಾರಿನಲ್ಲಿ ನನ್ನ ಪಕ್ಕ ಕುಳಿತು ಮೆಲ್ಲಗೆ, "ಪ್ಲಗ್ ತೆಗೆದಿದ್ಯಾ?" ಎಂದಳು.

ತೆಗೆದಿದ್ದೆ ಎಂದೆ.

"ತೆಗೆದಿದ್ರೆ ಕರೆಂಟ್ ಎಲ್ಲಿಂದ ಬರ್ತದೆ?"

ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

ಮರುದಿನ ಕರೆಂಟ್ ಅಳೆಯುವ ಎರಡು ಮೀಟರ್ ಹಿಡಿದುಕೊಂಡು ಮಾಳಿಗೆಗೆ ಹೋದೆ. ಆರನೆಯ ಪೋರ್ಟಿನಲ್ಲಿ ಎರಡೂ ಸೊನ್ನೆ ತೋರಿಸಿದವು. ಹೊರಕವಚ ಬಿಚ್ಚಿದೆ. ಪೋರ್ಟಿನ ಹಿಂದೆ ಒಂದು ತಂತಿಯೂ ಇರಲಿಲ್ಲ. ಬೆಸುಗೆಯ ಗುರುತಿಲ್ಲ, ಅಲ್ಲಾಡದ ಧೂಳು ಮಾತ್ರ. ಯಂತ್ರದ ಒಳಗೆ ಎಲ್ಲೋ ಉಳಿದ ವಿದ್ಯುತ್ ಎಂದು ಹೇಳೋಣವೆಂದರೆ, ಅದು ಇಲ್ಲಿಗೆ ಬರಲು ದಾರಿಯೇ ಇಲ್ಲ.

ಆ ಯಂತ್ರವನ್ನು ಇಪ್ಪತ್ತು ವರ್ಷ ನಡೆಸಿದ ಶಂಕರಣ್ಣ ನಿವೃತ್ತರಾಗಿ ಊರಲ್ಲೇ ಇದ್ದರು. ಅವರಿಗೆ ಫೋಟೋ ಕಳುಹಿಸಿ ಫೋನ್ ಮಾಡಿದೆ. ಯಂತ್ರ ತಮ್ಮದೇ ಎಂದರು, ಪ್ರತಿ ವರ್ಷ ಬೊಟ್ಟಿಡುತ್ತಿದ್ದದ್ದೂ ತಾವೇ ಎಂದರು. ಮೂಲೆಯದನ್ನು ಯಾಕೆ ಬಿಟ್ಟಿರಿ ಎಂದು ಕೇಳಿದೆ.

"ಬಿಟ್ಟದ್ದಲ್ಲ ಮಗಾ. ಇದು ಇರ್ಲಿಲ್ಲ."

ಮುದುಕರಿಗೆ ಮರೆತಿರಬಹುದು. ಆಮೇಲೆ ಯಾರೋ ಕೂರಿಸಿರಬಹುದು. ಆದರೆ ಯಾಕೆ, ಹಿಂದೆ ತಂತಿಯೇ ಇಲ್ಲದ ಪೋರ್ಟನ್ನು? ಯಂತ್ರವನ್ನು ನಾವು ಕೊಳ್ಳಲಿಲ್ಲ. ಅದು ಎಲ್ಲಿಗೆ ಹೋಯಿತೆಂದು ನಾನು ವಿಚಾರಿಸಿಲ್ಲ. ವಿಚಾರಿಸಬೇಕಿತ್ತು ಎಂದು ಕೆಲವು ದಿನ ಅನ್ನಿಸುತ್ತದೆ, ಅದರ ಬೆನ್ನಿಗೆ ಈಗ ಯಾರ ಕೈ ಹೋಗುತ್ತಿದೆಯೋ.

ಲಿಲ್ಲಿ ಬೇಡವೆಂದರೂ ವಿಲ್ಫಿ ಎಂಟು ತಿಂಗಳ ಮೇಲೆ ಕೆಲಸಕ್ಕೆ ಬಂದ. ನನ್ನನ್ನು ಅವನು ಒಂದು ದಿನವೂ ದೂರಲಿಲ್ಲ. ಈಗಲೂ ನಾನು ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಳ್ಳುತ್ತೇನೆ. ಅವನು ಎಂದಿನಂತೆ ಕೇಳುತ್ತಾನೆ. ಪ್ಲಗ್ಗಿನ ಮೂರು ಪಿನ್ನುಗಳು ನನ್ನ ಅಂಗೈಗೆ ಒತ್ತುತ್ತಿರುತ್ತವೆ, ಆದರೂ ನನ್ನ ಬಾಯಿಂದ "ಇಲ್ಲ" ಎಂಬ ಮಾತು ಹೊರಡುವುದಿಲ್ಲ. ವಿಲ್ಫಿ ಕೈಯನ್ನು ಗಾಳಿಯಲ್ಲೇ ಹಿಡಿದು ಕಾಯುತ್ತಾನೆ.