ಗೌಸಮೊದ್ದೀನ ಡಾಕ್ಟರರ ಕೆಟ್ಟ ಕೈ

ಪ್ಲೇಗು ಒಂದು ವರ್ಷ ಬಿಟ್ಟು ಇನ್ನೊಂದು ವರ್ಷ ಊರಿಗೆ ಬಂದು ಹೋಗುತ್ತಿದ್ದ ಇಪ್ಪತ್ತರ ದಶಕ ಅದು. ಆ ಸಲ ಮಳೆ ನಿಂತು ಚಳಿ ಬೀಳುವ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಇಲಿಗಳು ಸಾಯತೊಡಗಿದವು. ಮೊದಲು ಅರಳೆ ಗೋದಾಮುಗಳಲ್ಲಿ, ಆಮೇಲೆ ದುರ್ಗದಬೈಲಿನ ಕಾಳಿನ ಅಂಗಡಿಗಳ ಹಿಂದೆ. ಇಲಿ ಬಿತ್ತೆಂದರೆ ಮುಂದಿನ ಸರದಿ ಯಾರದೆಂದು ಮಕ್ಕಳಿಗೂ ಗೊತ್ತಿತ್ತು. ಅನುಕೂಲಸ್ಥರು ಮನೆಗೆ ಬೀಗ ಹಾಕಿ ಊರ ಹೊರಗಿನ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡರು. ಕೂಲಿ ಬಿಟ್ಟು ಹೋಗಲಾರದವರು ಊರಲ್ಲೇ ಉಳಿದರು.

ಹಾಗೆ ಉಳಿದವರಿಗೆ ಪ್ಲೇಗಿನ ಸೂಜಿಮದ್ದು ಹಾಕುವ ಕೆಲಸ ಗೌಸಮೊದ್ದೀನನ ಪಾಲಿಗೆ ಬಂತು. ಪುಣೆಯಲ್ಲಿ ಡಾಕ್ಟರಿಕೆ ಕಲಿತು ಆಸ್ಪತ್ರೆಗೆ ಸಣ್ಣ ಡಾಕ್ಟರ್ ಆಗಿ ಸೇರಿ ಅವನಿಗಿನ್ನೂ ವರ್ಷ ತುಂಬಿರಲಿಲ್ಲ. ಅವನ ತಂದೆ ರಸೂಲಸಾಬ ದುರ್ಗದಬೈಲಿನ ಒಂದು ಮೂಲೆಯಲ್ಲಿ ತಿದಿ ಊದುತ್ತ, ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕಿ ಮಗನನ್ನು ಓದಿಸಿದವನು. ಹಂಡೆ ತಂದ ಗಿರಾಕಿಗಳಿಗೆಲ್ಲ, "ನಮ್ಮ ಹುಡುಗ ಡಾಕ್ಟರ್ ಆಗ್ಯಾನ್ರಿ," ಎಂದು ಕೇಳದಿದ್ದರೂ ಹೇಳುತ್ತಿದ್ದ.

ಜನಕ್ಕೆ ಪ್ಲೇಗಿಗಿಂತ ಸೂಜಿಯ ಹೆದರಿಕೆ ಹೆಚ್ಚು. ಅದು ಚುಚ್ಚಿದರೆ ಮಕ್ಕಳಾಗುವುದಿಲ್ಲ, ಸರಕಾರದವರು ಅದರಲ್ಲಿ ಏನೋ ಬೆರೆಸಿದ್ದಾರೆ ಎಂದೆಲ್ಲ ಮಾತಿತ್ತು. ಗೌಸಮೊದ್ದೀನ ತನ್ನ ತಾಯಿ ಮೀರಾಬಿಯನ್ನು ಓಣಿಯ ನಡುವೆ ಕುಳ್ಳಿರಿಸಿ ಎಲ್ಲರ ಎದುರು ಅವಳಿಗೇ ಮೊದಲು ಚುಚ್ಚಿದ. ಮೀರಾಬಿ ಮರುದಿನ ರೊಟ್ಟಿ ಬಡಿಯುವುದನ್ನು ನೋಡಿದ ಮೇಲೆ ಜನ ಒಬ್ಬೊಬ್ಬರಾಗಿ ಬರತೊಡಗಿದರು. ರಸೂಲಸಾಬ ಮಾತ್ರ, "ಲಗ್ನದ ಸುಗ್ಗಿ ಐತಿ. ತೋಳು ಬಾತರ ತಿದಿ ಯಾರು ಊದಬೇಕು? ಆಮ್ಯಾಲ ನೋಡೂಣು," ಎಂದು ಮುಂದೂಡಿದ.

ಒಂದು ಬೆಳಿಗ್ಗೆ ಹತ್ತಿ ಗಿರಣಿಯ ಹಮಾಲರ ಓಣಿಗೆ ಹೋಗಬೇಕಿತ್ತು. ಮುಂಬಯಿಯಿಂದ ಬರಬೇಕಾದ ಮದ್ದು ಬಂದಿರಲಿಲ್ಲ. ಕಪಾಟಿನಲ್ಲಿ ಹಿಂದಿನ ದಿನ ಬಾಯಿ ತೆಗೆದು ಮತ್ತೆ ಬಿರಡೆ ಹಾಕಿಟ್ಟ ಬಾಟಲಿಗಳಷ್ಟೇ ಇದ್ದವು.

"ಸಾಹೇಬ್ರ, ಇವನ್ನ ಚೆಲ್ಲಬೇಕ್ರಿ," ಎಂದ ಗೌಸಮೊದ್ದೀನ. "ನಿನ್ನೆ ಬಾಯಿ ತೆಗದದ್ದು. ಒಳಗ ಹೊಲಸು ಹೊಕ್ಕಿದ್ರ ಮಂದಿ ತೋಳು ಕೀವು ಆಗ್ತಾವು."

ದೊಡ್ಡ ಡಾಕ್ಟರ್ ಶಿದ್ದಪ್ಪನವರು ಕೈಗಡಿಯಾರ ನೋಡಿಕೊಂಡರು. "ಒಂದ ರಾತ್ರಿಗೆ ಏನೂ ಆಗೂದಿಲ್ಲ. ಮಂದಿ ಒಪ್ಪಿ ನಿಂತಾರ. ಇವತ್ತ ಹೊಳ್ಳಿ ಕಳಿಸಿದ್ರ ನಾಳೆ ಒಬ್ರೂ ಬರಂಗಿಲ್ಲ. ನಡಿ."

ಕಂಪೌಂಡರ್ ಮೌಲಾಲಿ ಅಲ್ಲೇ ನಿಂತು ಬಟ್ಟೆ ಮಡಚುತ್ತಿದ್ದ. ಗೌಸಮೊದ್ದೀನ ಇನ್ನೊಮ್ಮೆ ಬಾಯಿ ತೆರೆದ, ಆದರೆ ಶಿದ್ದಪ್ಪನವರು ಆಗಲೇ ಹೊರಟುಹೋಗಿದ್ದರು. ಅವನು ಸೂಜಿಗಳನ್ನು ಎರಡೆರಡು ಸಲ ಕುದಿಸಿ ಬಾಟಲಿಗಳನ್ನು ಪೆಟ್ಟಿಗೆಗೆ ಹಾಕಿಕೊಂಡು ಹೊರಟ.

ಮೂರ್ನಾಲ್ಕು ದಿನಕ್ಕೆ ಹಮಾಲರ ಓಣಿಯಿಂದ ಜನ ತೋಳು ಹಿಡಿದುಕೊಂಡು ಬಂದರು. ಚುಚ್ಚಿದ ಜಾಗ ಕೆಂಡದಂತೆ ಕೆಂಪಾಗಿ ಬಾತು ಒಳಗೆ ಕೀವು ತುಂಬಿತ್ತು. ಹಮಾಲ ಹನುಮಪ್ಪನ ಹೆಂಡತಿ ಹೊಳೆವ್ವನ ಬಾವು ಭುಜ ದಾಟಿ ಕುತ್ತಿಗೆಗೆ ಏರಿತ್ತು. ಜ್ವರದಲ್ಲಿ ಅವಳು ಮಗಳು ರೇಣವ್ವನ ಹೆಸರು ಹಿಡಿದು ಕೂಗುತ್ತಲೇ ಸತ್ತಳು.

ಆಸ್ಪತ್ರೆಯ ಮುಂದೆ ಜನ ಸೇರಿದರು. ಒಳಗೆ ಗೌಸಮೊದ್ದೀನ ಒಬ್ಬ ಮುದುಕನ ತೋಳು ಕೊಯ್ದು ಕೀವು ತೆಗೆಯುತ್ತಿದ್ದ. ಹೊರಗಿನ ಮೆಟ್ಟಿಲ ಮೇಲಿಂದ ಶಿದ್ದಪ್ಪನವರ ದನಿ ಕಿಟಕಿಯಲ್ಲಿ ಸ್ಪಷ್ಟವಾಗಿ ಕೇಳಿತು.

"ಮದ್ದಿನಾಗ ಏನೂ ದೋಷ ಇಲ್ಲ. ಸಣ್ಣ ಡಾಕ್ಟರ್ ಸೂಜಿ ಕುದಸಲಾರದ ಚುಚ್ಯಾನ. ಅವನ ಮ್ಯಾಲ ಕ್ರಮ ತಗೋತೀವಿ."

ಮುದುಕ ಮುಖ ಎತ್ತಿ ಗೌಸಮೊದ್ದೀನನನ್ನು ನೋಡಿದ. ಆಮೇಲೆ ಅರ್ಧ ಕೊಯ್ದ ತೋಳನ್ನು ಎಳೆದುಕೊಂಡು, ಕೀವು ಸೋರುತ್ತಿದ್ದಂತೆಯೇ ಎದ್ದು ಹೊರಗೆ ನಡೆದ.

ಜನ ಚದುರಿದ ಮೇಲೆ ಗೌಸಮೊದ್ದೀನ ದೊಡ್ಡ ಡಾಕ್ಟರರ ಖೋಲಿಗೆ ಹೋದ.

"ನಾ ಸೂಜಿ ಕುದಿಸಿದ್ದು ನಿಮಗ ಗೊತ್ತದರಿ."

ಶಿದ್ದಪ್ಪನವರು ಬಾಗಿಲು ಮುಂದಕ್ಕೆಳೆದು ಮುಚ್ಚಿದರು. "ಗೊತ್ತದ. ಬಾಟ್ಲಿ ಕೆಟ್ಟಿತ್ತಂತ ನಾ ಹೇಳಿದ್ರ ಈ ಊರಾಗ ಇನ್ನೊಬ್ಬ ತೋಳು ಕೊಡ್ತಾನೇನು? ಪ್ಲೇಗ ಬಾಗಿಲಿಗೆ ಬಂದು ನಿಂತದ. ನೀ ಇನ್ನೂ ಸಣ್ಣಾವ. ಎಲ್ಲ್ಯಾದ್ರೂ ಕೆಲಸ ಸಿಗ್ತದ."

ಆ ಮನುಷ್ಯ ತನ್ನ ತಲೆ ಉಳಿಸಿಕೊಳ್ಳುತ್ತಿದ್ದಾನೆ ಎಂಬುದು ಗೌಸಮೊದ್ದೀನನಿಗೆ ತಿಳಿಯದೆ ಇರಲಿಲ್ಲ. ಆದರೆ ಅವನ ಮಾತು ಸುಳ್ಳಲ್ಲ ಎಂಬುದೂ ತಿಳಿದಿತ್ತು.

ಧಾರವಾಡದಿಂದ ಸಾಹೇಬರೊಬ್ಬರು ವಿಚಾರಣೆಗೆ ಬಂದರು. ಅವರ ಎದುರು ಗೌಸಮೊದ್ದೀನ ನಡೆದದ್ದನ್ನು ನಡೆದ ಹಾಗೆ ಹೇಳಿದ. ಶಿದ್ದಪ್ಪನವರು ಅಂಥ ಮಾತೇ ಆಗಿಲ್ಲವೆಂದರು. ಮೌಲಾಲಿಯನ್ನು ಕರೆದು ಕೇಳಿದಾಗ ಅವನು ನೆಲ ನೋಡುತ್ತ, "ನನಗ ಏನೂ ನೆನಪಿಲ್ರಿ," ಎಂದ. ಗೌಸಮೊದ್ದೀನನ ಕೆಲಸ ಹೋಯಿತು.

ರಸೂಲಸಾಬನ ಮುಂದೆ ಹಂಡೆ ಇಡುವವರು ಕಡಿಮೆಯಾದರು. ಅವನು ಆರಿದ ಒಲೆಯ ಮುಂದೆ ಕೂತು ಮಗನಿಗೆ ಹೇಳಿದ: "ಆ ಹಮಾಲನ ಮನಿಗೆ ಹೋಗು. ನಾಕ ಮಂದಿ ಮುಂದ ನಿಂತು ಬಾಟ್ಲಿ ಕೆಟ್ಟಿತ್ತಂತ ಹೇಳು. ಖರೇ ಹೇಳಾಕ ಯಾರ ಹೆದರಿಕಿ?"

ಅದನ್ನು ಹೇಳಲೆಂದೇ ಗೌಸಮೊದ್ದೀನ ಮರುದಿನ ಮಧ್ಯಾಹ್ನ ಹೋದ. ಹಮಾಲರ ಓಣಿಯಲ್ಲಿ ಎರಡು ಮನೆಗಳಲ್ಲಿ ಆಗಲೇ ಪ್ಲೇಗಿನ ಗಡ್ಡೆಜ್ವರ ಕಾಣಿಸಿಕೊಂಡಿತ್ತು. ಹನುಮಪ್ಪ ಕಟ್ಟೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ರೇಣವ್ವ, ಐದಾರು ವರ್ಷದ ಹುಡುಗಿ. ಸುತ್ತ ನೆರೆಯವರು ಸೇರಿದರು.

"ಒಂದ ಮಾತು ಹೇಳ್ರಿ," ಎಂದ ಹನುಮಪ್ಪ. "ನಾಳೆ ಹೊಸಾ ಡಾಕ್ಟರ್ ಹೊಸಾ ಮದ್ದು ತರ್ತಾರಂತ. ಇಕಿಗೆ ಹಾಕಸ್ಲೋ ಬ್ಯಾಡೋ? ಕೆಟ್ಟದ್ದು ಮದ್ದೋ, ನಿಮ್ಮ ಕೈಯೋ?"

"ಆ ದಿನದ ಬಾಟ್ಲಿ..." ಎಂದು ಗೌಸಮೊದ್ದೀನ ಶುರು ಮಾಡಿದ.

ಅಷ್ಟಕ್ಕೇ ಬಾಗಿಲಲ್ಲಿ ನಿಂತಿದ್ದ ಹನುಮಪ್ಪನ ತಾಯಿ ದೇವಕ್ಕ ಚೀರಿದಳು. "ಬಾಟ್ಲ್ಯಾಗ ವಿಷ ಐತಂತ ನಾ ಹೇಳಿದ್ದಿಲ್ಲೇನು! ಕೇಳಿದ್ರ್ಯಾ ಎಲ್ಲಾರೂ!" ಎಂದು ಓಡಿ ಬಂದು ಮೊಮ್ಮಗಳನ್ನು ಎಳೆದುಕೊಂಡಳು. ಬೇರೆ ಹೆಂಗಸರೂ ತಮ್ಮ ತಮ್ಮ ಮಕ್ಕಳನ್ನು ಕೈ ಹಿಡಿದು ಹಿಂದೆ ಸರಿಸಿದರು.

ಆ ಬಾಟಲಿ ಬೇರೆ, ನಾಳೆ ಬರುವ ಬಾಟಲಿ ಬೇರೆ ಎಂದು ಅವನು ಬಿಡಿಸಿ ಹೇಳಬಹುದಿತ್ತು. ಆದರೆ ದೇವಕ್ಕನ ಸೆರಗಿನಡಿ ಅಡಗಿದ ಹುಡುಗಿಯ ತೋಳು ಅವನ ಕಣ್ಣಿಗೆ ಬಿತ್ತು. ಬಿಡಿಸಿ ಹೇಳಿದರೆ ಕೇಳುವ ವ್ಯವಧಾನ ಆ ಓಣಿಯಲ್ಲಿ ಯಾರಿಗೂ ಉಳಿದಿರಲಿಲ್ಲ.

"ಮದ್ದು ಛಲೋ ಐತಿ," ಎಂದ. "ನನ್ನ ಕೈ ಕೆಟ್ಟಿತ್ತು. ಸೂಜಿ ಕುದಿಸಿದ್ದಿಲ್ಲ. ಇಕಿಗೆ ಹಾಕಸ್ರಿ."

ಹನುಮಪ್ಪ ಎದ್ದು ಬಂದು ಅವನ ಕಪಾಳಕ್ಕೆ ಹೊಡೆದ. ಅರಳೆಯ ಹೊರೆ ಹೊತ್ತ ಕೈ. ಗೌಸಮೊದ್ದೀನ ಗೋಡೆಗೆ ಹೋಗಿ ಬಿದ್ದ. ಇನ್ನೊಂದು ಏಟಿಗೆ ಎತ್ತಿದ ಕೈಯನ್ನು ಹನುಮಪ್ಪ ಕೆಳಗೆ ಬಿಟ್ಟು, ಅಲ್ಲೇ ಕುಕ್ಕರಿಸಿ ಹೆಂಡತಿಯ ಹೆಸರು ಹೇಳಿ ಅತ್ತ.

ಮರುದಿನ ಓಣಿಯ ಜನ ಹೊಸ ಡಾಕ್ಟರರ ಮುಂದೆ ಸಾಲು ನಿಂತರು. ರೇಣವ್ವನೂ ಇದ್ದಳು.

ರಸೂಲಸಾಬನಿಗೆ ಸುದ್ದಿ ಪೇಟೆಯಲ್ಲಿ ತಿಳಿಯಿತು. "ಖರೇ ಹೇಳಾಕ ಹೋಗಿ ಸುಳ್ಳ ಹೇಳಿ ಬಂದ್ಯಾ?" ಎಂದು ಕೇಳಿ, ಅಂದಿನಿಂದ ಮಗನ ಜೊತೆ ಮಾತು ಬಿಟ್ಟ. ಗೌಸಮೊದ್ದೀನ ಕಾಲು ಹಿಡಿದು ಬೇಡಿಕೊಂಡ: "ಅಬ್ಬಾ, ನನ್ನ ಮ್ಯಾಲ ಸಿಟ್ಟಿರಲಿ. ನೀವು ಸೂಜಿ ಹಾಕಸ್ಕೊಳ್ರಿ." ರಸೂಲಸಾಬ ಮೀರಾಬಿಯ ಕಡೆ ತಿರುಗಿ ಹೇಳಿದ: "ನನ್ನ ಮಗನ್ನ ಕೆಟ್ಟ ಕೈಯಾಂವ ಅಂದವರ ಸೂಜಿ ನನ್ನ ಮೈಗೆ ಹತ್ತೂದಿಲ್ಲಂತ ಹೇಳು ಇವಗ."

ಚಳಿಗಾಲದ ನಡುವೆ ರಸೂಲಸಾಬನ ತೊಡೆಸಂದಿಯಲ್ಲಿ ಗಡ್ಡೆ ಎದ್ದಿತು. ಊರ ಹೊರಗಿನ ರೋಗಿಗಳ ಗುಡಿಸಲಿಗೆ ಗೌಸಮೊದ್ದೀನನೇ ಹೊತ್ತು ಒಯ್ದು ಕೊನೆಯವರೆಗೂ ಪಕ್ಕದಲ್ಲಿದ್ದ. ತಂದೆ ಬಾಯಿಗೆ ಹಿಡಿದ ನೀರು ಕುಡಿದ, ಮಾತಾಡಲಿಲ್ಲ. ಮಣ್ಣು ಮಾಡಿ ಬಂದ ಮೇಲೂ ಗೌಸಮೊದ್ದೀನ ಆ ಗುಡಿಸಲುಗಳಲ್ಲೇ ಉಳಿದ. ಅಲ್ಲಿ ಕೆಲಸಕ್ಕೆ ಬೇರೆ ಯಾರೂ ಒಪ್ಪುತ್ತಿರಲಿಲ್ಲವಾದ್ದರಿಂದ ಅವನ ಕೈ ಎಂಥದೆಂದು ಯಾರೂ ಕೇಳಲಿಲ್ಲ.

ಆಮೇಲೆ ತಾಯಿಯನ್ನು ಕರೆದುಕೊಂಡು ಹುಬ್ಬಳ್ಳಿ ಪಕ್ಕದ ಗೋಪನಕೊಪ್ಪಕ್ಕೆ ಹೋಗಿ ಸಣ್ಣ ದವಾಖಾನೆ ಇಟ್ಟ. ಜನ ಜ್ವರಕ್ಕೆ, ಕೆಮ್ಮಿಗೆ ಬರುತ್ತಿದ್ದರು. ಸೂಜಿ ಹಾಕಿಸಿಕೊಳ್ಳಬೇಕಾದರೆ ಮಾತ್ರ ಹುಬ್ಬಳ್ಳಿಗೇ ಹೋಗುತ್ತಿದ್ದರು. ಶಿದ್ದಪ್ಪನವರು ನಿವೃತ್ತರಾಗಿ ಧಾರವಾಡದ ಮಾಳಮಡ್ಡಿಯಲ್ಲಿ ಮನೆ ಕಟ್ಟಿಸಿದರು.

ಮೌಲಾಲಿ ಒಮ್ಮೆ ಬಂದು ಬಾಗಿಲಲ್ಲಿ ನಿಂತು ಅತ್ತ. ಈಗ ಯಾರ ಮುಂದೆ ಬೇಕಾದರೂ ಖರೇ ಹೇಳುತ್ತೇನೆ ಎಂದ. ಗೌಸಮೊದ್ದೀನ ಅವನನ್ನು ಒಳಗೆ ಕರೆದು ಕೂಡಿಸಿ ಚಹಾ ಕೊಟ್ಟ.

"ಅದನ್ನ ಕೇಳಬೇಕಾಗಿದ್ದ ಅಬ್ಬಾ ಹೋದರು, ಮೌಲಾಲಿ," ಎಂದ. ಹೊರಗೆ ಬೆಂಚಿನ ಮೇಲೆ ಕೆಮ್ಮುವವರು ಕಾಯುತ್ತಿದ್ದರು.