ಸೋಲ್ಜರನ ಮಡಿಲಕ್ಕಿ

“ಈ ಮನೇಲಿ ಇಂಗ್ಲೀಸು ಮಾತಾಡೋರು ಉಟ್ಟಿಲ್ಲ, ಉಟ್ಟೋದೂ ಇಲ್ಲ” ಎಂದವರು ನಮ್ಮ ದೊಡ್ಡಪ್ಪ. ಕೋಪದಿಂದ ಹೇಳಿದ್ದಲ್ಲ. ಈ ವಾರ ನಾಲೆಗೆ ನೀರು ಬಿಡುವುದಿಲ್ಲ ಎಂದು ಹೇಳುವ ಹಾಗೆ ಹೇಳಿದ್ದರು.

ಆಗ ಎರಡನೆಯ ಮಹಾಯುದ್ಧದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಅಕ್ಕಿ ಹಬ್ಬಕ್ಕಷ್ಟೇ. ನಮ್ಮೂರಿಂದ ಯಲಿಯೂರು ಸ್ಟೇಷನ್ನಿಗೆ ಒಂದು ಮೈಲಿ. ನಾನು ಮಿಡ್ಲ್ ಸ್ಕೂಲಿನ ಕೊನೆಯ ವರ್ಷದಲ್ಲಿದ್ದೆ. ಲೋಯರ್ ಸೆಕೆಂಡರಿ ಪರೀಕ್ಷೆಗೆ ಹೆಸರು ಕಳಿಸುವ ಮೊದಲು ನಮ್ಮ ಇಂಗ್ಲಿಷ್ ಮೇಷ್ಟ್ರದೊಂದು ಕಟ್ಟಳೆಯಿತ್ತು: ಅವರೆದುರು ನಿಂತು, ಪುಸ್ತಕ ನೋಡದೆ, ಹತ್ತು ವಾಕ್ಯ ಇಂಗ್ಲಿಷಿನಲ್ಲಿ ಮಾತಾಡಬೇಕು. ಬರೆಯುವುದರಲ್ಲಿ ನಾನೇ ಮುಂದು. ಮಾತಾಡಲು ನಿಂತರೆ ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ಎರಡು ಸಲ ನಿಂತೆ, ಎರಡು ಸಲವೂ ಅತ್ತು ಕೂತೆ. ಇನ್ನೊಂದೇ ಅವಕಾಶ ಉಳಿದಿತ್ತು. ಹೆಸರು ಹೋಗದಿದ್ದರೆ ಶಾಲೆ ಬಿಡಿಸಿ ಮದುವೆ ಮಾಡುವುದೆಂದು ದೊಡ್ಡಪ್ಪ ತೀರ್ಮಾನಿಸಿದ್ದರು. ಅಪ್ಪ ಅಣ್ಣನ ಮಾತು ಮೀರುವವರಲ್ಲ.

ಅವರೆಕಾಯಿ ಸೊಗಡು ಊರೆಲ್ಲ ತುಂಬಿದ್ದ ದಿನಗಳು. ಒಂದು ಬೆಳಿಗ್ಗೆ ಮಿಲಿಟರಿ ಲಾರಿಯೊಂದು ನಮ್ಮ ಮನೆಯೆದುರಿನ ಹೊಂಗೆ ಮರದಡಿ ಕೆಟ್ಟು ನಿಂತಿತು. ಜೊತೆಯ ಲಾರಿಗಳು ಮುಂದಕ್ಕೆ ಹೋದವು. ಬೆಂಗಳೂರಿನಿಂದ ಸಾಮಾನು ಬರುವವರೆಗೆ ಲಾರಿ ಕಾಯಲು ಡ್ರೈವರನೊಬ್ಬನೇ ಉಳಿದ. ಬ್ರಿಟಿಷರ ಸೈನ್ಯದಲ್ಲಿದ್ದ ಆಫ್ರಿಕದ ಸೋಲ್ಜರ, ಇಪ್ಪತ್ತೆರಡು ಇಪ್ಪತ್ತಮೂರರ ಪ್ರಾಯ. ಮೈ ಕಪ್ಪೆಂದರೆ ಕಪ್ಪು. ಹೆಗಲಲ್ಲೊಂದು ಗಿಟಾರು.

ದೊಡ್ಡಪ್ಪ ಬಾಗಿಲು ಹಾಕಿಸಿದರು. “ಎಂಥೋನೋ ಏನೋ, ನೋಡು ಎಂಗವ್ನೆ ಇದ್ಲು ಇದ್ದಂಗೆ.”

ಅಜ್ಜಿ ಒಳಗಿನಿಂದಲೇ ಕೇಳಿದಳು: “ನೀನೇನ್ಲಾ, ಸುಣ್ಣ ಬಳ್ಕೊಂಡು ಉಟ್ಟಿದ್ಯಾ? ಎತ್ತೋಳು ನಾನು, ನಂಗೊತ್ತಿಲ್ವಾ? ಅಸ್ಕೊಂಡು ಕುಂತವ್ನೆ ಪಾಪ. ಬಾಗ್ಲು ತೆಗಿ.”

ಅವ್ವ ಮುದ್ದೆ, ಅವರೆಕಾಳಿನ ಸಾರು ಬಡಿಸಿಕೊಟ್ಟಳು. ತಟ್ಟೆ ಹೊತ್ತುಕೊಂಡು ನಾನು, ನನ್ನ ಹಿಂದೆ ಅರ್ಧ ಊರು. ಹೊಸಬರು ಮುದ್ದೆಯನ್ನು ಅಗಿಯುವುದು, ಅದು ಹಲ್ಲಿಗಂಟುವುದು, ನೋಡುವವರು ನಗುವುದು ನಮ್ಮ ಕಡೆ ಮಾಮೂಲು. ಎಲ್ಲರೂ ಅದಕ್ಕೇ ಕಾಯುತ್ತಿದ್ದರು. ಅವನು ಕೈ ತೊಳೆದು ಬಂದು ಬೆರಳಲ್ಲಿ ಮುದ್ದೆ ಮುರಿದ, ಉಂಡೆ ಮಾಡಿದ, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದ. ಎರಡನೆಯ ತುತ್ತೂ ಹಾಗೆಯೇ. ನಗಲು ಕಾದಿದ್ದವರು ಇನ್ನೂ ಹತ್ತಿರ ಸರಿದರು. ಅವರ ಕಡೆ ಗೆಣಸನ್ನು ಬೇಯಿಸಿ ಕುಟ್ಟಿ ಹೀಗೇ ಉಂಡೆ ಮಾಡಿ ನುಂಗುತ್ತಾರೆಂದು ನನಗೆ ತಿಳಿದದ್ದು ಆಮೇಲೆ.

“ಇವ್ನು ನಮ್ಮೋನೇ ಕಣ್ಲಾ!” ಎಂದವರು ದೊಡ್ಡಪ್ಪನೇ.

ಅಲ್ಲಿಂದ ಐದು ದಿನ ಅವನ ಊಟ ನಮ್ಮ ಜಗುಲಿಯಲ್ಲಿ. ಅಜ್ಜಿಯ ಅಳಿಗುಳಿಮಣೆ ಕಂಡದ್ದೇ ಹಲ್ಲು ಬಿಟ್ಟು ಕೂತ. ಅವನೂ ಊರಲ್ಲಿ ನೆಲಕ್ಕೆ ಗುಳಿ ತೋಡಿ ಆಡುತ್ತಿದ್ದನಂತೆ. ಹುಣಿಸೆ ಬೀಜ ಹಂಚುತ್ತ ಹಂಚುತ್ತ ಅಜ್ಜಿಯನ್ನು ಸೋಲಿಸಿಬಿಟ್ಟ. “ಕಳ್ಳ್ ನನ್ಮಗ” ಎಂದು ಅವಳು ಅವನ ಬೆನ್ನಿಗೆ ಗುದ್ದಿದಳು.

ಬಿಸಿಲು ಇಳಿಯುವ ಹೊತ್ತಿಗೆ ಗಿಟಾರು ತೆಗೆಯುತ್ತಿದ್ದ. ಕಾಲು ತಾನಾಗಿ ತಾಳ ಹಾಕುವಂಥ ನುಡಿತ. ಹುಡುಗರು ಕುಣಿದರು. ಅವನು ಮಾತ್ರ ರಸ್ತೆಯ ಕಡೆ ನೋಡುತ್ತ ಹಾಡುತ್ತಿದ್ದ.

“ಏನಂತೆ ಅವ್ನ್ ಪದ? ಕೇಳೇ, ಪುಟ್ತಾಯಿ” ಎಂದಳು ಅಜ್ಜಿ.

“ನಂಗ್ ಬರಲ್ಲ ಕಣಜ್ಜಿ.”

“ದಿನಾ ಬೆಳಿಗ್ಗೆ ಗಂಟ್ಲು ಅರ್ಕೊಂಡು ಓದ್ತೀಯಲ್ಲ, ಅದೇನು ಕೋಳಿ ಓಡ್ಸಾಕಾ? ಕೇಳೇ.”

ಮೇಷ್ಟ್ರಿಲ್ಲ, ಕೈಯಲ್ಲಿ ಬೆತ್ತವಿಲ್ಲ. ನಗುವವರಿಗೂ ಇಂಗ್ಲಿಷ್ ಬರುವುದಿಲ್ಲ. ಮೊದಲು ಹೆಸರು ಕೇಳಿದೆ. “ಎಮೆಕಾ” ಎಂದ. ನೈಜೀರಿಯಾ ದೇಶ, ಇಗ್ಬೊ ಜನ. ಊರ ಪಕ್ಕ ದೊಡ್ಡ ಹೊಳೆ. ಪಾದ್ರಿಗಳ ಶಾಲೆಯಲ್ಲಿ ಓದಿದವನು. ಅವನ ಇಂಗ್ಲಿಷು ನಮ್ಮ ಮೇಷ್ಟ್ರ ಇಂಗ್ಲಿಷಿನ ಹಾಗಿರಲಿಲ್ಲ. ನನ್ನದೂ ಅವನಿಗೆ ಪೂರ್ತಿ ತಿಳಿಯುತ್ತಿರಲಿಲ್ಲ. ಇಬ್ಬರೂ ನಿಧಾನ ಮಾಡಿದೆವು. ಇದು ಕುಣಿತದ ಹಾಡು, ಇಂಥದ್ದಕ್ಕೆ ತಮ್ಮ ಕಡೆ ಹೈಲೈಫ್ ಅನ್ನುತ್ತಾರೆ, ಪಟ್ಟಣದಲ್ಲಾದರೆ ಬ್ಯಾಂಡಿನವರು ತುತ್ತೂರಿ ಊದಿ ನುಡಿಸುತ್ತಾರೆ, ತನಗೆ ಇದೊಂದೇ ಗಿಟಾರು ಎಂದ. ಆಮೇಲೆ ಹಾಡಿನ ಒಂದೊಂದೇ ಸಾಲಿಗೆ ಇಂಗ್ಲಿಷ್ ಹೇಳಿದ. ನಾನು ಅಜ್ಜಿಗೆ ಕನ್ನಡದಲ್ಲಿ ಹೇಳಿದೆ:

“ಅವ್ವ, ಬಾಗಿಲು ಹಾಕಬೇಡ. ಗೆಣಸು ನೆಡುವ ಹೊತ್ತಿಗೆ ಬರುತ್ತೇನೆ. ಹೊಳೆ ದೊಡ್ಡದು, ದೋಣಿ ಸಣ್ಣದು. ಬಾಗಿಲು ಹಾಕಬೇಡ.”

ಅಜ್ಜಿ ಕೈಯಲ್ಲಿದ್ದ ಬೀಜಗಳನ್ನು ಮಣೆಗೆ ಸುರಿದಳು. “ರಾಗ ಕುಣಿಯೋ ಅಂಗದೆ, ಮಾತು ಅಳೋ ಅಂಗದೆ. ಇದು ತವರಿನ ಪದ ಕಣಮ್ಮಿ.”

“ಗಂಡಸ್ಗೆ ಎಂಥ ತವರವ್ವಾ?” ಎಂದು ದೊಡ್ಡಪ್ಪ ನಕ್ಕರು.

“ಊರ್ ಬುಟ್ಟು ಬಂದೋರ್ಗೆಲ್ಲಾ ತವರದೆ. ನೀನು ಉಟ್ಟಿದ್ ಮನೇಲೇ ಉಂಡ್ಕೊಂಡು ಬಿದ್ದಿದ್ದೀಯ, ನಿಂಗೇನ್ ಗೊತ್ತು?”

ಅಜ್ಜಿ ಹೊಳಲು ಎಂಬ ಊರಿನಿಂದ ಹತ್ತು ವರ್ಷದ ಹುಡುಗಿಯಾಗಿ ಈ ಮನೆಗೆ ಮದುವೆಯಾಗಿ ಬಂದವಳು. ಆವತ್ತು ಅವಳು ರಾಗಿಕಲ್ಲಿನ ಮುಂದೆ ಹಾಡುವ ಪದವೊಂದನ್ನು ಜಗುಲಿಯಲ್ಲೇ ಹೇಳಿದಳು. ಎಮೆಕಾ ತಂತಿ ಮೀಟುತ್ತ ಆ ಧಾಟಿ ಹುಡುಕಿ ಹಿಡಿದ. ಮರುದಿನದಿಂದ ಶಾಲೆ ಬಿಟ್ಟೊಡನೆ ನಾನು ಓಡಿ ಬರುತ್ತಿದ್ದೆ. ಅವರಿಬ್ಬರ ನಡುವೆ ಕೂತು ಅತ್ತಣದ್ದು ಇತ್ತ, ಇತ್ತಣದ್ದು ಅತ್ತ ದಾಟಿಸುವುದು ನನ್ನ ಕೆಲಸ. ತಪ್ಪಾದರೆ ಎಮೆಕಾ ನಗುತ್ತಿರಲಿಲ್ಲ, ಸರಿಯಾದದ್ದನ್ನು ತಾನೊಮ್ಮೆ ಹೇಳುತ್ತಿದ್ದ, ಅಷ್ಟೆ.

ಐದನೆಯ ದಿನ ಸಾಮಾನು ಬಂತು, ಲಾರಿ ರಿಪೇರಿಯಾಯಿತು. ಅವನು ಹೊರಡಬೇಕಾದ್ದು ಬರ್ಮಾ ಕಡೆಗೆ, ಯುದ್ಧಕ್ಕೆ. ಅಜ್ಜಿ ಅವ್ವನನ್ನು ಕರೆದು, “ಮೊರದಲ್ಲಿ ಅಕ್ಕಿ ತಕ್ಕೊಂಡ್ ಬಾ. ಮಡಿಲು ತುಂಬು” ಎಂದಳು.

ದೊಡ್ಡಪ್ಪ ಎದ್ದು ನಿಂತರು. “ಅವ್ವಾ, ತಲೆ ಕೆಟ್ಟದಾ ನಿಂಗೆ? ಎಣ್ಮಕ್ಳಿಗೆ ತುಂಬೋದು ಮಡ್ಲಕ್ಕಿ. ಊರೋರು ಉಗೀತಾರೆ.”

“ಉಗೀಲಿ ಬುಡು. ಕಳ್ಸ್‌ಕೊಡಾಕೆ ಇವ್ನವ್ವ ಇಲ್ಲಿ ಅವ್ಳಾ? ಮಡ್ಲು ತುಂಬುದ್ರೆ ತಿರ್ಗಿ ಬರ್ತಾರೆ. ನಂಗೊತ್ತಿರೋದು ಅದೊಂದೇಯ.”

ಅಷ್ಟು ಹೊತ್ತಿಗೆ ಗುಂಪು ಕಂಡು, ಸೈಕಲಿನಲ್ಲಿ ಹೋಗುತ್ತಿದ್ದ ಮೇಷ್ಟ್ರು ಇಳಿದು ನಿಂತಿದ್ದರು. ನಾನು ನೋಡಲಿಲ್ಲ. ಎಮೆಕಾ ಮೊರವನ್ನೂ ನನ್ನನ್ನೂ ನೋಡುತ್ತಿದ್ದ, ಹೇಳಬೇಕಾಗಿತ್ತು, ಇಂಗ್ಲಿಷಿನಲ್ಲಿ ಹೇಳಿದೆ. ಮಗಳು ತವರಿನಿಂದ ಹೊರಟಾಗ ತಾಯಿ ಅಕ್ಕಿ, ಕೊಬ್ಬರಿ, ಬೆಲ್ಲ ಮಡಿಲಿಗೆ ಹಾಕುತ್ತಾಳೆ. ಇದು ಗಂಡಸರಿಗಲ್ಲ. ಆದರೆ ನಮ್ಮ ಅಜ್ಜಿ ನಿನಗೆ ಕೊಡಿಸುತ್ತಿದ್ದಾಳೆ. ನಿನ್ನ ಕೋಟು ಒಡ್ಡು. ಒಂದು ಹಿಡಿ ಅಕ್ಕಿ ತಿರುಗಿ ಮೊರಕ್ಕೆ ಹಾಕು, ಈ ಮನೆ ಬರಿದಾಗಬಾರದು. ಹಿಂದೆ ತಿರುಗಿ ನೋಡದೆ ಹೋಗು. ತಿರುಗಿ ಬಾ.

ಅವನು ಖಾಕಿ ಕೋಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿದ. ಅವ್ವ ತುಂಬಿದಳು. ಯಾರೂ ನಗಲಿಲ್ಲ. ಅವನು ಒಂದು ಹಿಡಿ ಮೊರಕ್ಕೆ ಹಾಕಿದ, ಅಜ್ಜಿಯ ಕಾಲು ಮುಟ್ಟಿದ, ನೆಟ್ಟಗೆ ಹೋಗಿ ಲಾರಿ ಹತ್ತಿದ.

ಧೂಳು ಅಡಗಿದ ಮೇಲೆ ಮೇಷ್ಟ್ರು ಕೆಮ್ಮಿದರು. “ಹತ್ತಕ್ಕಿಂತ ಜಾಸ್ತೀನೇ ಆಯ್ತಲ್ಲಮ್ಮ. ಎರಡು ತಪ್ಪಿತ್ತು, ನಾಳೆ ಹೇಳ್ತೀನಿ. ಹೆಸರು ಕಳಿಸ್ತೀನಿ.”

ಎಮೆಕಾ ಬದುಕಿ ಊರು ಸೇರಿದನೋ ಇಲ್ಲವೋ ನಮಗೆ ತಿಳಿಯಲೇ ಇಲ್ಲ. ಕಾಗದ ಬರೆಯುತ್ತೇನೆ ಎಂದಿದ್ದ. ವಿಳಾಸ ಬರೆದುಕೊಟ್ಟವಳು ನಾನು. ತಾಲ್ಲೂಕಿನ ಹೆಸರು ಬಿಟ್ಟಿದ್ದೆನೋ ಎಂಬ ಅನುಮಾನ ಈಗಲೂ ಹೋಗಿಲ್ಲ. ಊರಿಗೆ ಹಿಟ್ಟಿನ ಮಿಲ್ಲು ಬಂದು ರಾಗಿಕಲ್ಲು ಮೂಲೆಗೆ ಬಿತ್ತು. ಅಜ್ಜಿಯ ಪದಗಳು ಅವಳೊಡನೆ ಹೋದವು, ನಾನು ಒಂದನ್ನೂ ಬರೆದುಕೊಳ್ಳಲಿಲ್ಲ. ಮುಂದೆ ನಾನು ಬಿ.ಎ. ಮಾಡಿದೆ. ನಮ್ಮ ವಂಶದಲ್ಲಿ ಮೊದಲನೆಯವಳು, ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಇಷ್ಟೆಲ್ಲ ಓದಿಯೂ ಎಮೆಕಾನ ಹಾಡಿನ ಇಗ್ಬೊ ಮಾತು ಒಂದೂ ನೆನಪಿಲ್ಲ. ಅಜ್ಜಿಗೆ ಹೇಳಿದ ಆ ನಾಲ್ಕು ಸಾಲು ಕನ್ನಡವಷ್ಟೇ ಉಳಿದಿರುವುದು.

ಲೋಯರ್ ಸೆಕೆಂಡರಿ ಸರ್ಟಿಫಿಕೇಟು ಬಂದ ದಿನವನ್ನೂ ಹೇಳಬೇಕು. ಹೈಸ್ಕೂಲಿದ್ದದ್ದು ಮಂಡ್ಯದಲ್ಲಿ, ಕಳಿಸುವುದು ಬಿಡುವುದು ದೊಡ್ಡಪ್ಪನ ಮಾತು. ಕೊಟ್ಟಿಗೆಯಲ್ಲಿ ಎತ್ತಿನ ಮೈ ತಿಕ್ಕುತ್ತಿದ್ದವರು ಕೈ ತೊಳೆದು, ಪಂಚೆಗೆ ಒರೆಸಿ, ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಇದ್ರಲ್ಲಿ ನಿನ್ನೆಸ್ರು ಎಲ್ಲದೆ?”

ತೋರಿಸಿದೆ. ಆ ಅಕ್ಷರಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಆಮೇಲೆ ಹಾಳೆಯನ್ನು ನನ್ನ ಕೈಗೆ ಕೊಟ್ಟು ಮತ್ತೆ ಎತ್ತಿನ ಕಡೆ ತಿರುಗಿದರು.

“ಬೆಳಿಗ್ಗೆ ರೈಲು ಎಷ್ಟೊತ್ಗೆ ಅಂತ ತಿಳ್ಕೋ. ಟೇಸನ್ ಗಂಟ ನಾನ್ ಬತ್ತೀನಿ.”