ಎಲುಬಿನ ಪುಡಿ ಮತ್ತು ತಂಗಿಯ ದವಡೆ

ಡಾಕ್ಟರು ಹೇಳಿದ್ದರಲ್ಲಿ ಅರ್ಧ ಮಾತನ್ನಷ್ಟೇ ನನ್ನ ತಂಗಿಗೆ ಮುಟ್ಟಿಸಿದೆ. ಉಳಿದರ್ಧವನ್ನು ನುಂಗಿದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಆ ಅರ್ಧ ತಿಳಿಯದಷ್ಟು ದಡ್ಡನೇನೂ ಆಗಿರಲಿಲ್ಲ.

ತಂಗಿಯನ್ನು ಮಸ್ಕಿಗೆ ಕೊಟ್ಟಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ಒಂದು ದಿನ ಓಣಿಯಲ್ಲಿ ನೀರು ಜಗ್ಗುವಾಗ ಬೋರಿಂಗಿನ ಹಿಡಿಕೆ ಅವಳ ಕೈಯಿಂದ ಜಾರಿ, ಮೇಲೆ ಚಿಮ್ಮಿ ಬಾಯಿಗೆ ಬಡಿಯಿತು. ಮುರಿದ ಮುಂದಿನ ಹಲ್ಲುಗಳ ಬೇರುಗಳನ್ನು ಲಿಂಗಸುಗೂರಿನ ಹಲ್ಲಿನ ಡಾಕ್ಟರು ಕಿತ್ತರು. ಮುಂದಿನದನ್ನು ಅವಳ ಅಣ್ಣನೇ ನೋಡಲಿ ಎಂದು ಅವಳ ಗಂಡ ನನಗೆ ಹೇಳಿ ಕಳಿಸಿದ. ಸಿಂಧನೂರಿನಲ್ಲಿ ನನ್ನದು ಗೊಬ್ಬರದ ಅಂಗಡಿ. ಕಾಲುವೆಗೆ ನೀರು ಬಿಟ್ಟಿದ್ದರು, ಭತ್ತದ ನಾಟಿಯ ಗದ್ದಲ. ಗಿರಾಕಿ ಬಿಟ್ಟು ಬಂದ ಸಿಟ್ಟಿನಲ್ಲೇ ಡಾಕ್ಟರ ಮುಂದೆ ಕುಳಿತೆ. ತಂಗಿ ಬಾಯಿಗೆ ಸೆರಗು ಹಿಡಿದುಕೊಂಡು ಹೊರಗೆ ಬೆಂಚಿನ ಮೇಲಿದ್ದಳು.

ಡಾಕ್ಟರು ಹಾಳೆಯ ಮೇಲೆ ದವಡೆಯ ಚಿತ್ರ ಬರೆದು ತೋರಿಸಿದರು. ಹಲ್ಲು ಹೋದ ಜಾಗದ ಎಲುಬು ಬರಬರುತ್ತ ಸವೆಯುತ್ತದಂತೆ. ಬೇಗ ಹೋದರೆ ದೊಡ್ಡ ಊರಿನ ಕಾಲೇಜು ಆಸ್ಪತ್ರೆಯಲ್ಲಿ ಹಲ್ಲು ಕಿತ್ತ ಕುಣಿಗೆ ಎಲುಬಿನ ಪುಡಿ ತುಂಬುತ್ತಾರೆ. ಹೀರೇಬಳ್ಳಿ ಕೋಲು ಹಿಡಿದು ಏರುವಂತೆ ಆ ಪುಡಿಯನ್ನು ಹಿಡಿದು ಅವಳದೇ ಹೊಸ ಎಲುಬು ಬೆಳೆಯುತ್ತದೆ. ಕೆಲವು ತಿಂಗಳಾದ ಮೇಲೆ ಟೈಟಾನಿಯಂ ಎಂಬ ಲೋಹದ ತಿರುಪು ಕೂಡಿಸುತ್ತಾರೆ, ಎಲುಬು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಅದರ ಮೇಲೆ ಹಲ್ಲು. ಇದು ಹೊಸ ವಿದ್ಯೆ, ಎಲ್ಲರಿಗೂ ಹತ್ತುತ್ತದೆಂದು ಹೇಳಲಾರೆ ಎಂದೂ ಅಂದರು.

ಯಾರ ಎಲುಬು ಎಂದು ಕೇಳಿದೆ.

"ದನದ್ದುರೀ. ಕಾಸಿ, ತೊಳದು, ಸುಣ್ಣದಂಥಾದ್ದು ಅಷ್ಟ ಉಳಿಸಿರ್ತಾರ. ಅದು ಬ್ಯಾಡಂದ್ರ ಆಕೀದ ಗದ್ದದ ಎಲುಬು ಒಂಚೂರು ತಗದು ಹಾಕಬಹುದು."

ನಮ್ಮದು ಮಾಂಸ ಮುಟ್ಟದ ಮನೆ. ಎದ್ದು ಹೊರಗೆ ಬಂದೆ. ಅಂಗಡಿಯಲ್ಲಿ ಎಲುಬಿನ ಗೊಬ್ಬರದ ಚೀಲ ಬಿಚ್ಚಿ ಕೈಯಾರೆ ತೂಗಿ ಕೊಟ್ಟು, ಅದೇ ಕೈಯನ್ನು ಧೋತರಕ್ಕೆ ಒರೆಸಿ ಬುತ್ತಿ ಉಣ್ಣುತ್ತಿದ್ದ ಈ ಮಹಾನುಭಾವ ಬಸ್ ಸ್ಟ್ಯಾಂಡಿನಲ್ಲಿ ನಿಂತು ತಂಗಿಗೆ ಧರ್ಮ ಹೇಳಿದ: "ಬಾಯಾಗ ದನದ ಎಲುಬು ತುಂಬತಾರಂತ. ನಡಿ ಊರಿಗೆ."

"ಬ್ಯಾರೆ ಏನೂ ಇಲ್ಲಂತೇನಣ್ಣ?"

"ಇಲ್ಲ."

ಸಿಂಧನೂರಿನ ಚಹಾದ ಅಂಗಡಿಯಲ್ಲಿ ಇದನ್ನೇ ನಗೆಚಾಟಿಕೆ ಮಾಡಿ ಹೇಳಿದೆ. ಬಾಯಿ ತುಂಬ ತಂಬಾಕು ತುಂಬಿಕೊಂಡ ಹಿರಿಯರು ತಂಗಿಯ ಬಾಯಿ ಮೈಲಿಗೆಯಾಗದಂತೆ ಕಾಪಾಡಿದೆ ಎಂದು ನನ್ನನ್ನು ಹೊಗಳಿದರು. ಉಬ್ಬಿಹೋದೆ. ಕಪ್ಪೆಗೂ ಅಷ್ಟು ಉಬ್ಬಲು ನಾಚಿಕೆಯಾದೀತು.

ಅವಳಿಗೆ ತೆಗೆದಿಡುವ ಹಲ್ಲಿನ ಸೆಟ್ಟು ಮಾಡಿಸಿದೆವು. ಎಲುಬು ಸವೆದಂತೆಲ್ಲ ಅದು ಸಡಿಲಾಯಿತು. ಒಮ್ಮೆ ಬೀಗರ ಪಂಕ್ತಿಯಲ್ಲಿ ಕೆಮ್ಮಿದಾಗ ಎಲೆಯ ಮೇಲೆ ಬಿತ್ತು. ಅಂದಿನಿಂದ ನಾಲ್ಕು ಮಂದಿಯ ನಡುವೆ ಉಣ್ಣುವುದನ್ನು ಬಿಟ್ಟಳು. ಸಜ್ಜಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂಡುತ್ತಿದ್ದಳು. ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ.

ಅದನ್ನು ನೋಡಲಾರದೆ ಆ ದಶಕ ಮುಗಿಯುವ ಹೊತ್ತಿಗೆ ನಾನೇ ಅವಳನ್ನು ಮತ್ತೆ ಲಿಂಗಸುಗೂರಿಗೆ ಕರೆದೊಯ್ದೆ. ಡಾಕ್ಟರಿಗೆ ನಮ್ಮ ಗುರುತೇ ಹತ್ತಲಿಲ್ಲ. ಬೆರಳಿಂದ ಒತ್ತಿ ನೋಡಿ, ದವಡೆ ಕುಡುಗೋಲಿನ ಅಲಗಿನಷ್ಟು ತೆಳ್ಳಗಾಗಿದೆ, ಪುಡಿ ತುಂಬಿದರೂ ನಿಲ್ಲಲು ಗೋಡೆಯಿಲ್ಲ ಎಂದರು. ಈಗ ಸೊಂಟದ ಎಲುಬನ್ನೇ ಕತ್ತರಿಸಿ ತರಬೇಕು, ಅದೂ ಹತ್ತುತ್ತದೆಂಬ ಭರವಸೆಯಿಲ್ಲ. ತಂಗಿ ಬೇಡವೆಂದಳು.

ಮಸ್ಕಿಯ ಬಸ್ಸಿನಲ್ಲಿ ನನ್ನ ಮುಖ ನೋಡಿ ಅವಳೇ ನನಗೆ ಸಮಾಧಾನ ಹೇಳಿದಳು: "ಹೋಗ್ಲಿ ಬಿಡಣ್ಣ. ಆವಾಗರ ಬ್ಯಾರೆ ದಾರಿ ಎಲ್ಲಿತ್ತು?"

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸುಮ್ಮನಿರುವುದರಲ್ಲಿ ನನಗೆ ರೂಢಿಯೂ ಸಾಕಷ್ಟಿತ್ತು. ಆದರೆ ಆ ಸಮಾಧಾನವನ್ನು ನುಂಗಲಾಗಲಿಲ್ಲ.

"ಇತ್ತವ್ವ. ನಿಂದ ಗದ್ದದ ಎಲುಬು ಹಾಕಬಹುದು ಅಂದಿದ್ರು. ನಾ ಕೇಳಿಸ್ಕೊಂಡಿದ್ದೆ. ಅಂಗಡಿ ಬಿಟ್ಟು ಅಡ್ಡಾಡೋದು ಬ್ಯಾಸರಾಗಿ ಧರ್ಮದ ಹೆಸರು ಹೇಳಿದೆ. ನಿನ್ನ ಬಾಯಿ ಕೆಡಿಸಿದಾಂವ ನಾನ. ತಪ್ಪಾತು ತಂಗಿ."